ಕೆಂಪೇಗೌಡರ ಕೆರೆ, ಬೈರಮಂಗಲದ ನೊರೆ

2022ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದ ಬಳಿ 108 ಅಡಿಯ ಕೆಂಪೇಗೌಡರು ಎದ್ದು ನಿಂತರು, ಕೈಯಲ್ಲಿ ಕತ್ತಿ ಹಿಡಿದು. ಗುದ್ದಲಿ ಕೊಟ್ಟಿದ್ದರೆ ಇನ್ನೂ ಒಪ್ಪುತ್ತಿತ್ತು.

ಯಲಹಂಕ ನಾಡಪ್ರಭುಗಳ ಮನೆಯಲ್ಲಿ 1510ರ ಸುಮಾರಿಗೆ ಹುಟ್ಟಿದ ಇವರು ವಿಜಯನಗರದ ಸಾಮಂತರು. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ, ಪೇಟೆಗಳನ್ನು ಹಾಕಿಸಿದರು. ಆದರೆ ಊರಿನ ಪಕ್ಕ ದೊಡ್ಡ ನದಿ ಇರಲಿಲ್ಲ. ಇದ್ದದ್ದು ಏರುತಗ್ಗಿನ ನೆಲ, ಬೀಳುವ ಮಳೆ. ಅದಕ್ಕೇ ಧರ್ಮಾಂಬುಧಿ, ಕೆಂಪಾಂಬುಧಿಯಂಥ ಕೆರೆಗಳು. ಒಂದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೇ ಎಂಜಿನ್. ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ನಮಗೆ ಯಾರೂ ಇದನ್ನು ಹೇಳಿಕೊಡಲಿಲ್ಲ.

ಅಪ್ಪಣೆ ಇಲ್ಲದೆ ನಾಣ್ಯ ಹೊರಡಿಸಿದ್ದಕ್ಕೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದರಂತೆ. ಬಿಡುಗಡೆಯಾಗಿ ಬಂದು ಮತ್ತೆ ಆಳಿದರು, 1569ರಲ್ಲಿ ತೀರಿಕೊಂಡರು. ಅವರದು ಎನ್ನಲಾದ ಸಮಾಧಿ ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಬೆಳಕಿಗೆ ಬಂದದ್ದು 2015ರಲ್ಲಿ. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾದಾಗ ಅವರ ವಂಶದವರು ನೆಲೆ ಕಂಡದ್ದೂ ಮಾಗಡಿಯಲ್ಲೇ.

ಬೆಂಗಳೂರಿನಿಂದ ಈ ಸೀಮೆಗೆ ಈಗ ಬರುತ್ತಿರೋದು ಬೇರೆ. ಕೆಂಪೇಗೌಡರು ಕಟ್ಟಿಸಿದ ದೊಡ್ಡ ಬಸವಣ್ಣನ ಗುಡಿಯಲ್ಲಿ, ಬಸವನ ಪಾದದಲ್ಲೇ ವೃಷಭಾವತಿ ಹುಟ್ಟುತ್ತಾಳೆ ಅಂತ ಜನರ ನಂಬಿಕೆ. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಇಳಿಜಾರು ಮಾತ್ರ ಇವತ್ತಿಗೂ ಡ್ಯೂಟಿ ಮಾಡ್ತಿದೆ. ಮಳೆನೀರಿನ ದಾರಿಯಲ್ಲಿ ನಗರದ ಕಕ್ಕಸಿನ ನೀರು, ಕಾರ್ಖಾನೆಗಳ ನೀರು ವೃಷಭಾವತಿ ಸೇರಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಂದು ನೊರೆಯಾಗಿ ಉಕ್ಕುತ್ತೆ. ಮುಂದೆ ಕನಕಪುರದ ಕಡೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ.

ಆ ನೀರಿಗೇ ಸೊಪ್ಪು, ತರಕಾರಿ, ಮೇವಿನ ಹುಲ್ಲು ಬೆಳೆಯುತ್ತವೆ. ರೈತರಿಗೆ ಬೇರೆ ನೀರೆಲ್ಲಿದೆ? ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳು ಮಣ್ಣಿನಿಂದ ಬೇರಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ದಾಟುತ್ತವೆ. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತೆ, ಲೋಹ ಹೋಗಲ್ಲ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂತು ಅದನ್ನು ಹಾಳು ಮಾಡುತ್ತೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಕೈ ಹಾಕುತ್ತೆ. ಒಂದೇ ದಿನಕ್ಕೆ ಯಾರೂ ಬಿದ್ದು ಸಾಯಲ್ಲ, ಅದಕ್ಕೇ ಯಾವ ಸರ್ಕಾರಕ್ಕೂ ಇದು ತುರ್ತು ಅನ್ನಿಸಿಲ್ಲ.

2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರು ಬರುವ ಎಷ್ಟೋ ವರ್ಷ ಮೊದಲೇ ಕೊಳಚೆ ಬಂದಿತ್ತು. ಜೂನ್ 27ರ ಕೆಂಪೇಗೌಡ ಜಯಂತಿಯ ವೇದಿಕೆಗಳಲ್ಲಿ ಹಾರ ಹಾಕುವ ಮುಂಚೆ ಬೈರಮಂಗಲದ ನೀರಿನ ಪರೀಕ್ಷಾ ವರದಿ ಗಟ್ಟಿಯಾಗಿ ಓದಿ ಅಂತ ಕೇಳೋಣ, ಐದೂ ತಾಲೂಕುಗಳಲ್ಲಿ.