ಮಗನಂಥ ಹುಡುಗನಿಗಾಗಿ ಮನೆ ಒತ್ತೆ ಇಟ್ಟ ಪ್ರಿನ್ಸಿಪಾಲರು: ಪೈಲ್ವಾನ್ ಖಾಶಾಬಾ ಜಾಧವ್ ಕಥೆ

ಬೆಳಗಾವಿಯಿಂದ ಪುಣೆ ಹೈವೇ ಹಿಡಿದು ನಿಪ್ಪಾಣಿ, ಕೊಲ್ಹಾಪುರ ದಾಟಿದರೆ ಕರಾಡ ಸಿಗುತ್ತದೆ. ಅಲ್ಲೇ ಪಕ್ಕದಲ್ಲಿ ಗೋಳೇಶ್ವರ ಅಂತ ಒಂದು ಹಳ್ಳಿ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದುಕೊಟ್ಟ ಖಾಶಾಬಾ ದಾದಾಸಾಹೇಬ ಜಾಧವ್ 1926ರ ಜನವರಿ 15ರಂದು ಹುಟ್ಟಿದ್ದು ಇಲ್ಲೇ. ಅವರು ಪದಕ ಗೆದ್ದ ಕಾಲಕ್ಕೆ ನಮ್ಮ ಬೆಳಗಾವಿ ಮತ್ತು ಅವರ ಕರಾಡ ಎರಡೂ ಒಂದೇ ಮುಂಬೈ ರಾಜ್ಯದಲ್ಲಿದ್ದವು. ಆದರೂ ನಮ್ಮ ಕಡೆ ಎಷ್ಟೋ ಹುಡುಗರಿಗೆ ಈ ಹೆಸರೇ ಗೊತ್ತಿಲ್ಲ.

ತಂದೆ ದಾದಾಸಾಹೇಬರೂ ಪೈಲ್ವಾನರೇ. ಮಗನಿಗೆ ಐದು ವರ್ಷ ಆಗುವಷ್ಟರಲ್ಲಿ ತಾಲೀಮಿಗೆ ಹಚ್ಚಿದ್ದರು. ಎಂಟು ವರ್ಷಕ್ಕೆ ಆ ಭಾಗದ ಒಬ್ಬ ಹೆಸರುವಾಸಿ ಪೈಲ್ವಾನನನ್ನು ಎರಡೇ ನಿಮಿಷಕ್ಕೆ ಚಿತ್ ಮಾಡಿದ ಅಂತ ಅಲ್ಲಿ ಈಗಲೂ ಹೇಳುತ್ತಾರೆ. ಕರಾಡದ ತಿಲಕ್ ಹೈಸ್ಕೂಲಿನಲ್ಲಿ ಓದುವಾಗ ಹುಡುಗ ಬರೀ ಕುಸ್ತಿಗೆ ಅಂಟಿಕೊಂಡಿರಲಿಲ್ಲ. ಓಟ, ಈಜು, ಭಾರ ಎತ್ತುವುದು, ಹ್ಯಾಮರ್ ಎಸೆತ, ಎಲ್ಲದಕ್ಕೂ ಮುಂದೆ. 1942ರ ಚಳವಳಿಯಲ್ಲಿ ಭೂಗತರಾಗಿದ್ದ ಕ್ರಾಂತಿಕಾರಿಗಳಿಗೆ ಆಸರೆ ಕೊಡುವ ಕೆಲಸದಲ್ಲೂ ಕೈಜೋಡಿಸಿದ್ದ. ಒಲಿಂಪಿಕ್ಸ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಬೇಕು ಅನ್ನೋ ಆಸೆ ಹುಟ್ಟಿದ್ದು ಆ ದಿನಗಳಲ್ಲೇ.

ಮುಂದೆ ಕೊಲ್ಹಾಪುರದ ರಾಜಾರಾಂ ಕಾಲೇಜು. ಅಲ್ಲಿ ವಾರ್ಷಿಕ ಕ್ರೀಡಾಕೂಟ ಬಂತು, ಖಾಶಾಬಾ ಕುಸ್ತಿಗೆ ಹೆಸರು ಕೊಡಲು ಹೋದರು. ಕ್ರೀಡಾ ಶಿಕ್ಷಕರು ಮೇಲಿಂದ ಕೆಳಗೆ ಒಮ್ಮೆ ನೋಡಿ ಆಗಲ್ಲ ಅಂದುಬಿಟ್ಟರು. ಕಾರಣ ಇಷ್ಟೇ, ಹುಡುಗ ಸಣಕಲ. ಗಿಡ್ಡ ಬೇರೆ. ಬೇರೆ ಯಾರಾದ್ರೂ ಆಗಿದ್ದರೆ ತಲೆ ತಗ್ಗಿಸಿ ಹಾಸ್ಟೆಲ್‌ಗೆ ವಾಪಸ್ ಹೋಗುತ್ತಿದ್ದರು. ಇವರು ನೇರ ಪ್ರಿನ್ಸಿಪಾಲ್ ಖರ್ಡೀಕರ್ ಅವರ ಕೋಣೆಗೆ ಹೋಗಿ ಒಂದು ಅವಕಾಶ ಕೇಳಿದರು. ಖರ್ಡೀಕರ್ ಒಪ್ಪಿಗೆ ಕೊಟ್ಟರು. ಕಣಕ್ಕಿಳಿದ ಸಣಕಲ ಹುಡುಗ ತನಗಿಂತ ದಪ್ಪ, ತನಗಿಂತ ಎತ್ತರದವರನ್ನು ಒಬ್ಬೊಬ್ಬರಾಗಿ ಕೆಡವಿದ. ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಸಿಕ್ಕಿಸಿ ನೆಲಕ್ಕೆ ಎಸೆಯುವ ಢಾಕ್ ಪಟ್ಟು ಅವರ ಕೈಚಳಕ.

ಶಾಲೆ-ಕಾಲೇಜಿನ ಆಟ ಅಂದ್ರೆ ಟೈಂಪಾಸ್ ಅನ್ನುವವರು ಈ ಜಾಗದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವತ್ತು ಆ ಹೆಸರು ಪಟ್ಟಿಗೆ ಸೇರದೇ ಇದ್ದಿದ್ದರೆ ಖರ್ಡೀಕರ್ ಅವರಿಗೆ ಈ ಹುಡುಗ ಯಾರು ಅಂತಾನೇ ಗೊತ್ತಾಗುತ್ತಿರಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್‌ಗೆ ಆಯ್ಕೆ ಆಯ್ತು. ಖರ್ಚು ಕೊಟ್ಟಿದ್ದು ಕೊಲ್ಹಾಪುರದ ಮಹಾರಾಜರು. ಅಲ್ಲಿ ಹೋದ ಮೇಲೆ ಗೊತ್ತಾಗಿದ್ದು, ಕುಸ್ತಿ ಮಣ್ಣಿನ ಮೇಲಲ್ಲ, ಮ್ಯಾಟ್ ಮೇಲೆ ಅಂತ. ಹುಟ್ಟಿದಾಗಿಂದ ಕೆಂಪು ಮಣ್ಣಲ್ಲಿ ಉರುಳಾಡಿದ ಕಾಲಿಗೆ ಮ್ಯಾಟ್ ಹಿಡಿತ ಸಿಗಬೇಕಲ್ಲ. ನಿಯಮಗಳೂ ಬೇರೆ. ಅಮೆರಿಕದ ಮಾಜಿ ಚಾಂಪಿಯನ್ ರೀಸ್ ಗಾರ್ಡ್ನರ್ ಅಲ್ಲಿ ತರಬೇತಿ ಕೊಟ್ಟರು. ಫ್ಲೈವೇಟ್ ವಿಭಾಗದಲ್ಲಿ ಆರನೇ ಸ್ಥಾನ ಬಂತು. ಆ ಕಾಲಕ್ಕೆ ಅಷ್ಟು ಮೇಲೆ ಹೋದ ಭಾರತೀಯ ಪೈಲ್ವಾನ ಇನ್ನೊಬ್ಬ ಇರಲಿಲ್ಲ. ಖಾಶಾಬಾಗೆ ಮಾತ್ರ ಸಮಾಧಾನ ಇಲ್ಲ. ಊರಿಗೆ ಬಂದು ನಾಲ್ಕು ವರ್ಷ ಮೈ ಮುರಿದು ತಾಲೀಮು ಮಾಡಿದರು. ತೂಕ ಹೆಚ್ಚಿಸಿ ಫ್ಲೈವೇಟ್ ಬಿಟ್ಟು ಬ್ಯಾಂಟಮ್‌ವೇಟ್‌ಗೆ ಏರಿದರು.

1952ರ ಹೆಲ್ಸಿಂಕಿಗೆ ಆಯ್ಕೆ ಆಗುವಾಗ ಮತ್ತೊಂದು ತಕರಾರು. ಅಂಕದ ಲೆಕ್ಕದಲ್ಲಿ ತನಗೆ ಅನ್ಯಾಯ ಆಗಿದೆ ಅಂತ ಖಾಶಾಬಾಗೆ ಅನ್ನಿಸಿತು. ಗಲಾಟೆ ಮಾಡಲಿಲ್ಲ, ಪಟಿಯಾಲ ಮಹಾರಾಜರಿಗೆ ಮನವಿ ಕೊಟ್ಟರು. ಅವರು ಕುಸ್ತಿ ಪ್ರೇಮಿ, ಮರುಪಂದ್ಯಕ್ಕೆ ಏರ್ಪಾಡು ಮಾಡಿಸಿದರು. ಖಾಶಾಬಾ ಎದುರಾಳಿ ನಿರಂಜನ್ ದಾಸ್ ಅವರನ್ನು ಚಿತ್ ಮಾಡಿದರು. ತಕರಾರು ಮುಗೀತು.

ಟಿಕೆಟ್ ಸಿಕ್ಕಿತು, ದುಡ್ಡು ಸಿಗಲಿಲ್ಲ. ಸರ್ಕಾರದಿಂದ ಬೇಕಾದಷ್ಟು ನೆರವು ಹೊರಡೋ ಹೊತ್ತಿಗೆ ಕೈಗೆ ಬರಲಿಲ್ಲ. ಖಾಶಾಬಾ ಹಳ್ಳಿ ಹಳ್ಳಿ ತಿರುಗಿ ಚಂದಾ ಕೇಳಿದರು. ಗೋಳೇಶ್ವರ, ಕರಾಡದ ಜನ ಕೈಲಾದಷ್ಟು ಕೊಟ್ಟರು. ವ್ಯಾಪಾರ ಮಾಡುವವರಿಗೆ ಗೊತ್ತಿರುತ್ತೆ, ಹೀಗೆ ಕೂಡಿಸಿದ ಚಿಲ್ಲರೆಯಲ್ಲಿ ಹೆಲ್ಸಿಂಕಿ ಮುಟ್ಟೋಕೆ ಆಗಲ್ಲ. ಆಗ ಮತ್ತೆ ಮುಂದೆ ಬಂದವರು ಅದೇ ಖರ್ಡೀಕರ್. ತಮ್ಮ ಸ್ವಂತ ಮನೆಯನ್ನೇ 7,000 ರೂಪಾಯಿಗೆ ಒತ್ತೆ ಇಟ್ಟು ಆ ದುಡ್ಡನ್ನು ಶಿಷ್ಯನ ಕೈಗೆ ಹಾಕಿದರು. 1952ರ 7,000 ರೂಪಾಯಿ ಅಂದ್ರೆ ಸಣ್ಣ ಮೊತ್ತ ಅಲ್ಲ. ಹುಡುಗ ಸೋತು ಬಂದರೆ? ಏಟು ತಿಂದು ಇನ್ನು ಕುಸ್ತಿಯೇ ಆಡದಂತೆ ಆದರೆ? ಯಾವ ಗ್ಯಾರಂಟಿಯೂ ಇರಲಿಲ್ಲ.

ಹೆಲ್ಸಿಂಕಿಯಲ್ಲಿ ಫ್ರೀಸ್ಟೈಲ್ 57 ಕೆಜಿ ವಿಭಾಗ. ಕೆನಡಾದ ಪೊಲಿಕ್ವಿನ್ ಚಿತ್. ಮೆಕ್ಸಿಕೋದ ಬಾಸುರ್ಟೊ ಚಿತ್. ಜರ್ಮನಿಯ ಶ್ಮಿಟ್ಜ್ ಮೇಲೆ ಅಂಕಗಳ ಗೆಲುವು. ಆಮೇಲೆ ಸಿಕ್ಕಿದ್ದು ಜಪಾನಿನ ಶೋಹಾಚಿ ಇಶಿಯಿ. ದೀರ್ಘ ಹೊತ್ತು ಹೋರಾಡಿ ಖಾಶಾಬಾ ಸೋತರು. ಮೈಯೆಲ್ಲ ಸೋತು ಹೋಗಿತ್ತು. ಎರಡು ಪಂದ್ಯಗಳ ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಅಂತ ನಿಯಮ ಇತ್ತು. ಆದರೆ ತಕ್ಷಣವೇ ಸೋವಿಯತ್ ರಷ್ಯಾದ ಮಮ್ಮದ್‌ಬೆಯೋವ್ ಜೊತೆ ಕುಸ್ತಿಗೆ ಕರೆದರು. ಅವರ ಪರವಾಗಿ ಮಾತಾಡೋಕೆ ಭಾರತದ ಒಬ್ಬ ಅಧಿಕಾರಿಯೂ ಅಲ್ಲಿ ಇರಲಿಲ್ಲ. ಹಾಗೇ ಕಣಕ್ಕಿಳಿದು ಸೋತರು. ಚಿನ್ನ ಇಶಿಯಿಗೆ, ಬೆಳ್ಳಿ ಮಮ್ಮದ್‌ಬೆಯೋವ್‌ಗೆ, ಕಂಚು ಖಾಶಾಬಾಗೆ. ಒಬ್ಬ ಅಧಿಕಾರಿ ಸಮಯಕ್ಕೆ ಸರಿಯಾಗಿ ಅಲ್ಲಿದ್ದಿದ್ದರೆ ಪದಕದ ಬಣ್ಣ ಬೇರೆ ಆಗುತ್ತಿತ್ತೇನೋ.

ಕರಾಡ ರೈಲ್ವೆ ಸ್ಟೇಷನ್ನಿಗೆ ಬಂದಿಳಿದಾಗ 151 ಎತ್ತಿನ ಗಾಡಿಗಳ ಮೆರವಣಿಗೆ. ಸ್ಟೇಷನ್ನಿನಿಂದ ಊರಿಗೆ ಹೋಗುವ ಅಷ್ಟು ದೂರಕ್ಕೇ ಗಂಟೆಗಟ್ಟಲೆ ಹಿಡಿಯಿತು.

ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕುಸ್ತಿ ಪಂದ್ಯಗಳನ್ನು ಏರ್ಪಡಿಸಿದರು, ತಾವೇ ಕಣಕ್ಕಿಳಿದು ಗೆದ್ದರು, ಬಂದ ದುಡ್ಡನ್ನು ತಗೊಂಡು ಹೋಗಿ ಖರ್ಡೀಕರ್ ಅವರಿಗೆ ಕೊಟ್ಟು ಒತ್ತೆಯಲ್ಲಿದ್ದ ಮನೆ ಬಿಡಿಸಿಕೊಟ್ಟರು. ಸಾಲ ವಾಪಸ್ ಬರದೇ ಕಂಗಾಲಾದ ಅಂಗಡಿಯವರಿಗೆ ಈ ಭಾಗ ಪದಕಕ್ಕಿಂತ ದೊಡ್ಡದಾಗಿ ಕಂಡರೆ ತಪ್ಪೇನಿಲ್ಲ.

1955ರಲ್ಲಿ ಮುಂಬೈ ಪೊಲೀಸ್ ಇಲಾಖೆಗೆ ಸಬ್ ಇನ್ಸ್‌ಪೆಕ್ಟರ್ ಆಗಿ ಸೇರಿದರು. ಮಂಡಿಗೆ ಪೆಟ್ಟು ಬಿದ್ದು 1956ರ ಮೆಲ್ಬರ್ನ್ ಕೈತಪ್ಪಿತು. ಬಡ್ತಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಯಬೇಕಾಯ್ತು. ಕೊನೆಗೆ ಅಸಿಸ್ಟೆಂಟ್ ಕಮಿಷನರ್ ಆಗಿ ನಿವೃತ್ತಿಯಾದರು, ಆದರೆ ಪಿಂಚಣಿಗೂ ಅಲೆಯಬೇಕಾಯ್ತು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಹಿಡಿದು ಓಡಲು ಕರೆದರು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 58.

ಅವರ ನಂತರ ಭಾರತಕ್ಕೆ ಇನ್ನೊಂದು ವೈಯಕ್ತಿಕ ಪದಕ ಬರೋಕೆ 44 ವರ್ಷ ಬೇಕಾಯ್ತು. 1996ರಲ್ಲಿ ಅಟ್ಲಾಂಟಾದಲ್ಲಿ ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಕಂಚು ತಂದರು. ಖಾಶಾಬಾಗೆ ಅರ್ಜುನ ಪ್ರಶಸ್ತಿ ಸಿಕ್ಕಿದ್ದು ಸತ್ತು 16 ವರ್ಷ ದಾಟಿದ ಮೇಲೆ. 2010ರಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಅಂಕಣಕ್ಕೆ ಅವರ ಹೆಸರಿಟ್ಟರು. ಪದ್ಮ ಪ್ರಶಸ್ತಿ ಮಾತ್ರ ಅವರು ಬದುಕಿರುವ ತನಕ ಬರಲೇ ಇಲ್ಲ. ಗೋಳೇಶ್ವರದಲ್ಲಿರುವ ಅವರ ಮನೆಯ ಹೆಸರು ಒಲಿಂಪಿಕ್ ನಿವಾಸ.