ಅಡಾ ಲವ್‌ಲೇಸ್: ಚರಾಕ್ಷರದ ಎಡಕ್ಕೊಂದು ಸೊನ್ನೆ

ಬೆಂಗಳೂರು: ಇಂದಿರಾನಗರಕ್ಕೆ ಸಮೀಪದ ಎಚ್‌ಎಎಲ್ ವಿಮಾನ ನಿಲ್ದಾಣದಿಂದ 2001ರ ಜನವರಿ 4ರಂದು ಹಗುರ ಯುದ್ಧ ವಿಮಾನ ಮೊದಲ ಬಾರಿಗೆ ಮೇಲೇರಿತು. ಮುಂದೆ ತೇಜಸ್ ಎನಿಸಿಕೊಂಡ ಅದರ ಹಾರಾಟ ನಿಯಂತ್ರಣ ತಂತ್ರಾಂಶದ ಭಾಷೆ ಅಡಾ. ಆ ಹೆಸರು ಇಂಗ್ಲೆಂಡಿನ ಅಡಾ ಲವ್‌ಲೇಸ್ ಅವರದು.

ಕವಿ ಬೈರನ್ನನ ಮಗಳಾಗಿ 1815ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಜನಿಸಿದ ಅಡಾ, ತಂದೆಯ ಮುಖದ ನೆನಪಿಲ್ಲದೆ ಬೆಳೆದರು. ತಂದೆಯ ಸ್ವಭಾವ ಮಗಳಿಗೆ ಬಾರದಿರಲೆಂದು ತಾಯಿ ಗಣಿತ ಕಲಿಸಿದರು. 1833ರಲ್ಲಿ ಚಾರ್ಲ್ಸ್ ಬ್ಯಾಬೇಜ್ ಅವರ ಪರಿಚಯವಾಯಿತು. ಮದುವೆಯಾಗಿ ಮೂವರು ಮಕ್ಕಳಾದ ಮೇಲೂ ಅವರು ಓದು ಬಿಡಲಿಲ್ಲ. ಪತ್ರಮುಖೇನ ಪಾಠ ಹೇಳಿದ ಡಿ ಮಾರ್ಗನ್ ಹುಟ್ಟಿದ್ದು, ಅಂದ ಹಾಗೆ, ನಮ್ಮ ನೆರೆಯ ಮದುರೆಯಲ್ಲಿ.

ಬ್ಯಾಬೇಜ್ ಯಂತ್ರದ ಕುರಿತ ಫ್ರೆಂಚ್ ಲೇಖನವೊಂದನ್ನು ಅಡಾ 1843ರಲ್ಲಿ ಇಂಗ್ಲಿಷಿಗೆ ತಂದರು. ಜತೆಗೆ ಸೇರಿಸಿದ ಟಿಪ್ಪಣಿಗಳು ಮೂಲದ ಸುಮಾರು ಮೂರು ಪಟ್ಟಾದವು. ಸಹಿ ಮಾತ್ರ ಎ.ಎ.ಎಲ್. ಎಂಬ ಮೂರಕ್ಷರ. ಅವುಗಳಲ್ಲಿ ಎಷ್ಟು ಅಡಾ ಅವರದು, ಎಷ್ಟು ಬ್ಯಾಬೇಜರದು ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಚರಾಕ್ಷರಗಳ ಬಗ್ಗೆ ಅಲ್ಲಿರುವ ಎಚ್ಚರ ಗಮನಾರ್ಹ. ಯಂತ್ರದ ಪ್ರತಿ ಅಂಕಿಕಂಬಕ್ಕೂ ಒಂದು ಹೆಸರು. ಬೆಲೆ ಬಾರದಿದ್ದರೆ ಹೆಸರಿನ ಎಡ ಮೇಲ್ತುದಿಯಲ್ಲಿ 0, ಮೊದಲ ಬೆಲೆ ಬಂದಾಗ 1, ಅದು ಬದಲಾದಾಗ 2. ಕಂಬ ಮತ್ತೆ ಬರಿದಾದರೆ ಪುನಃ 0.

ಪೈಥಾನ್ ಭಾಷೆಯ ಕಲಿಕೆದಾರರನ್ನು ಇಂದು ಕಾಡುವ ದೋಷವೂ ಇದೇ ಜಾತಿಯದು. ಫಂಕ್ಷನ್ನಿನ ಹೊರಗೆ ಮೊತ್ತ ಎಂಬ ಹೆಸರಿಗೆ 10 ಎಂಬ ಬೆಲೆ ಇದೆಯೆನ್ನಿ. ಒಳಗೆ ಅದೇ ಹೆಸರಿಗೆ ಎಲ್ಲಿಯಾದರೂ ಬೆಲೆ ಕೊಟ್ಟರೆ, ಬೇರೆ ಸೂಚನೆ ಇಲ್ಲದಿರುವಾಗ, ಆ ಹೆಸರು ಇಡೀ ಫಂಕ್ಷನ್ನಿಗೆ ಸ್ಥಳೀಯವಾಗುತ್ತದೆ. ಬೆಲೆ ಕೊಡುವ ಸಾಲಿಗೆ ಮುನ್ನವೇ ಅದನ್ನು ಓದಹೊರಟರೆ ಹೊರಗಿನ 10 ಕಾಣದು. ಅನ್‌ಬೌಂಡ್‌ಲೋಕಲ್‌ಎರರ್ ಎಂದು ಕೆಲಸ ನಿಲ್ಲುತ್ತದೆ. ಬ್ಯಾಬೇಜ್ ಯಂತ್ರವಾಗಿದ್ದರೆ ನಿಲ್ಲುತ್ತಿರಲಿಲ್ಲ. ಬರಿದಾದ ಕಂಬವನ್ನು ಸೊನ್ನೆಯೆಂದೇ ಎಣಿಸಿ ತಪ್ಪು ಉತ್ತರದತ್ತ ಸಾಗುತ್ತಿತ್ತು. ಒಳಗು ಹೊರಗೆಂಬ ಗಡಿಯೂ ಅಲ್ಲಿರಲಿಲ್ಲ, ಕಂಬಗಳೆಲ್ಲ ಇಡೀ ಲೆಕ್ಕಕ್ಕೆ ಸೇರಿದವು. ಆದುದರಿಂದಲೇ ಕಾಗದದ ಮೇಲಿನ ಆ ಪುಟ್ಟ ಅಂಕಿಗೆ ಬೆಲೆ.

ಇಷ್ಟಾದರೂ ಬರ್ನೌಲಿ ಸಂಖ್ಯೆಗಳ ಪ್ರಸಿದ್ಧ ಕೋಷ್ಟಕದ ನಾಲ್ಕನೇ ಕ್ರಿಯೆಯಲ್ಲಿ ಭಾಜ್ಯ, ಭಾಜಕಗಳು ಅದಲುಬದಲಾಗಿ ಅಚ್ಚಾಗಿವೆ. ಎರಡೂ ಕಂಬಗಳಿಗೆ ಬೆಲೆಯಿದ್ದುದರಿಂದ ಎಡದ ಅಂಕಿ ಈ ತಪ್ಪನ್ನು ತೋರಿಸಿಕೊಡಲಾರದಾಯಿತು.

ಯಂತ್ರ ಪೂರ್ಣವಾಗಲೇ ಇಲ್ಲ. ಕುದುರೆ ಜೂಜಿನ ಸಾಲ, ಕ್ಯಾನ್ಸರ್ ಎರಡೂ ಕಾಡಿ, 1852ರ ನವೆಂಬರ್ 27ರಂದು 36ನೇ ವಯಸ್ಸಿನಲ್ಲಿ ಅಡಾ ನಿಧನರಾದರು. ಅವರ ಇಚ್ಛೆಯಂತೆ ಹಕ್‌ನಾಲ್‌ನಲ್ಲಿ, ತಂದೆಯ ಪಕ್ಕದಲ್ಲೇ ಸಮಾಧಿಯಾಯಿತು.

ಅಮೆರಿಕದ ರಕ್ಷಣಾ ಇಲಾಖೆ ಅಡಾ ಭಾಷೆಯ ಮಾನಕಕ್ಕೆ 1980ರಲ್ಲಿ ಅವರ ಹುಟ್ಟುಹಬ್ಬದಂದೇ ಒಪ್ಪಿಗೆ ನೀಡಿ, 1815 ಎಂಬ ಸಂಖ್ಯೆ ಕೊಟ್ಟಿತು. ಆ ಭಾಷೆಯಲ್ಲಿ ಚರಾಕ್ಷರವನ್ನು ಮೊದಲೇ ಘೋಷಿಸದೆ ಬಳಸುವಂತಿಲ್ಲ.