ಝಾನ್ಸಿ ರಾಣಿಯ ಕವಯಿತ್ರಿ: ಸುಭದ್ರಾಕುಮಾರಿ ಚೌಹಾನ್

ತಾಯ್ನಾಡನ್ನು ಬಿಟ್ಟು ಬಂದು ನೆಲೆಸಿರುವ ನಮ್ಮ ಮನೆಗಳಲ್ಲಿ ಒಂದು ವಿಶೇಷವುಂಟು. ಹಿರಿಯರು ನಡುಮನೆಯಲ್ಲಿ ಕುಳಿತು ಊರಿನ ಸುದ್ದಿಯನ್ನು ಕನ್ನಡದಲ್ಲಿ ಮಾತನಾಡುತ್ತಿರುವಾಗಲೇ, ಒಳಕೋಣೆಯಲ್ಲಿ ಮಕ್ಕಳು ಹಿಂದಿಯ ಪಾಠವನ್ನು ಗಟ್ಟಿಯಾಗಿ ಉರುಹೊಡೆಯುತ್ತಿರುತ್ತಾರೆ. ಹಾಗೆ ಕಿವಿಗೆ ಬಿದ್ದ ಪದ್ಯಗಳಲ್ಲಿ ಝಾನ್ಸಿಯ ರಾಣಿಯನ್ನು ಕುರಿತುದೂ ಒಂದು. ಅದರ ಪಲ್ಲವಿ ನಮ್ಮಲ್ಲಿ ಅನೇಕರಿಗೆ ಕಂಠಪಾಠವಾಗಿದೆ. ಅದನ್ನು ರಚಿಸಿದ ತಾಯಿಯ ಪರಿಚಯ ಮಾತ್ರ ಅಷ್ಟಾಗಿ ಇಲ್ಲ. ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಆ ಮಹನೀಯಳ ಜೀವನವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ನಮ್ಮ ನುಡಿಯನ್ನು ಪ್ರೀತಿಸುವವರಿಗೆ ನೆರೆಯ ನುಡಿಯ ಹಿರಿಮೆಯನ್ನು ಅರಿಯುವುದು ಭಾರವಾಗಲಾರದು.

ಸುಭದ್ರಾಕುಮಾರಿಯವರು ಹುಟ್ಟಿದುದು 1904ನೆಯ ಇಸವಿಯ ಆಗಸ್ಟ್ 16ರಂದು, ಪ್ರಯಾಗದ ಬಳಿಯ ನಿಹಾಲಪುರ ಗ್ರಾಮದಲ್ಲಿ. ಅಂದು ನಾಗರಪಂಚಮಿ. ತಂದೆ ಠಾಕೂರ್ ರಾಮನಾಥಸಿಂಹರು. ಪ್ರಯಾಗದ ಕ್ರಾಸ್ತ್‌ವೇಟ್ ಬಾಲಿಕಾ ಶಾಲೆಯಲ್ಲಿ ಓದುತ್ತಿದ್ದಾಗಲೇ ಈ ಹುಡುಗಿ ಕವಿತೆ ಕಟ್ಟುವವಳೆಂದು ಹೆಸರಾಗಿದ್ದಳು. ಅದೇ ಶಾಲೆಯಲ್ಲಿ ಎರಡು ತರಗತಿ ಕೆಳಗಿದ್ದವರು ಮಹಾದೇವಿ ವರ್ಮಾ. ಆಕೆ ಗುಟ್ಟಾಗಿ ಪದ್ಯ ಬರೆಯುತ್ತಿರುವುದನ್ನು ಸುಭದ್ರೆ ಹೇಗೋ ಪತ್ತೆಹಚ್ಚಿದಳು. ಪುಸ್ತಕಗಳ ನಡುವೆ ಬಚ್ಚಿಟ್ಟಿದ್ದ ಹಾಳೆಗಳನ್ನು ಹೊರಗೆಳೆದು, ಅಪರಾಧಿಯನ್ನು ಕೈಹಿಡಿದು ಎಲ್ಲರಿಗೂ ತೋರಿಸಿಬಂದಳಂತೆ! ಅಂದು ಹುಟ್ಟಿದ ಗೆಳೆತನ ಕಡೆಯವರೆಗೂ ಬಾಡಲಿಲ್ಲ. ಮುಂದೆ ಮಹಾದೇವಿಯವರು ಹಿಂದೀ ಕಾವ್ಯದ ಶಿಖರವನ್ನೇರಿದರು. ಇನ್ನೊಬ್ಬಳ ಪ್ರತಿಭೆಯನ್ನು ಕಂಡಾಗ ಮತ್ಸರಪಡದೆ ಊರಿಗೆಲ್ಲ ಸಾರಿದ ಆ ಬಾಲೆಯ ಮನಸ್ಸು ಎಂತಹುದೆಂದು ನಾವು ಊಹಿಸಿಕೊಳ್ಳಬಹುದು.

1919ರಲ್ಲಿ, ಹದಿನೈದರ ಎಳೆಯ ವಯಸ್ಸಿನಲ್ಲಿ, ಖಂಡ್ವಾದ ಠಾಕೂರ್ ಲಕ್ಷ್ಮಣಸಿಂಹ ಚೌಹಾನರೊಡನೆ ವಿವಾಹವಾಯಿತು. ಪತಿಯೂ ಬರೆಹಗಾರರು, ದೇಶಭಕ್ತರು. ಗಾಂಧೀಜಿಯವರ ಅಸಹಕಾರದ ಕರೆ ಕಿವಿಗೆ ಬಿದ್ದೊಡನೆ ದಂಪತಿಗಳು ಅದಕ್ಕೆ ಓಗೊಟ್ಟರು. ಜಬ್ಬಲ್‌ಪುರವೇ ಅವರ ಕಾರ್ಯಕ್ಷೇತ್ರವಾಯಿತು. ಮುಸುಕಿಲ್ಲದೆ ಹೆಂಗಸರು ಹೊಸಿಲು ದಾಟದಿದ್ದ ಕಾಲವದು. ಅಂತಹ ಮನೆತನದ ಸೊಸೆ ಖಾದಿಯುಟ್ಟು, ಸಭೆಗಳಲ್ಲಿ ನಿಂತು ಮಾತನಾಡಿದಳೆಂದರೆ ಸಾಮಾನ್ಯವಲ್ಲ.

1923ರಲ್ಲಿ ಧ್ವಜಸತ್ಯಾಗ್ರಹ ನಡೆಯಿತು. ಜಬ್ಬಲ್‌ಪುರದಲ್ಲಿ ಹೊತ್ತಿದ ಕಿಡಿ ನಾಗಪುರದಲ್ಲಿ ಜ್ವಾಲೆಯಾಯಿತು. ರಾಷ್ಟ್ರಧ್ವಜವನ್ನು ಹಿಡಿದು ನಡೆದುದೇ ಅಪರಾಧವೆಂದು ಸರಕಾರವು ಜನರನ್ನು ಸೆರೆಮನೆಗೆ ತಳ್ಳಿತು. ಆ ಸತ್ಯಾಗ್ರಹದಲ್ಲಿ ಬಂಧಿತರಾದ ಮೊದಲ ಮಹಿಳೆ ಸುಭದ್ರಾಕುಮಾರಿಯವರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಇದೇ ನಾಗಪುರಕ್ಕೆ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರೂ ತಮ್ಮ ಸ್ವಯಂಸೇವಕರೊಡನೆ ಹೋಗಿ ಸೆರೆಮನೆಯನ್ನು ಕಂಡರೆಂಬುದನ್ನು ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬೇಕು. ಆ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಜನ್ಮತಾಳಲು ಆ ಅನುಭವವೇ ಪ್ರೇರಣೆಯಾಯಿತು.

ಮನೆ, ಮಕ್ಕಳು, ಸಭೆ, ಸೆರೆಮನೆ ಇವುಗಳ ನಡುವೆ ಕಾವ್ಯಕ್ಕೆ ಬಿಡುವೆಲ್ಲಿಯದು? ಆದರೂ 1930ರಲ್ಲಿ ‘ಮುಕುಲ’ ಎಂಬ ಕವನಸಂಗ್ರಹ ಹೊರಬಂದಿತು. ಅದಕ್ಕೆ ಸೇಕ್‌ಸರಿಯಾ ಪಾರಿತೋಷಕವೂ ದೊರೆಯಿತು. 1932ರಲ್ಲಿ ಪ್ರಕಟವಾದ ‘ಬಿಖರೇ ಮೋತಿ’ ಎಂಬ ಕಥಾಸಂಗ್ರಹಕ್ಕೂ ಅದೇ ಗೌರವ ಸಂದಿತು. ಅನಂತರ ‘ಉನ್ಮಾದಿನಿ’, ‘ಸೀಧೇ ಸಾದೇ ಚಿತ್ರ’ ಎಂಬ ಕಥಾಸಂಗ್ರಹಗಳು ಬಂದವು. ಈ ಕಥೆಗಳಲ್ಲಿ ರಾಜರಾಣಿಯರಿಲ್ಲ. ನಾಲ್ಕು ಗೋಡೆಗಳ ನಡುವೆ ನೋವುಂಡ ಹೆಣ್ಣುಮಕ್ಕಳಿದ್ದಾರೆ.

ಆಗ ಹಿಂದಿಯಲ್ಲಿ ಛಾಯಾವಾದದ ಕಾಲ. ಸೂಕ್ಷ್ಮವಾದ ಭಾವ, ಸಂಸ್ಕೃತಭರಿತವಾದ ಪದಸಂಪತ್ತು, ರಹಸ್ಯದ ಮುಸುಕು ಇವೇ ಕಾವ್ಯದ ಲಕ್ಷಣಗಳೆನಿಸಿದ್ದವು. ಸುಭದ್ರಾಕುಮಾರಿಯವರು ಆ ದಾರಿಯನ್ನು ಹಿಡಿಯಲಿಲ್ಲ. ಮಾತನಾಡುವ ನುಡಿಯಲ್ಲೇ ಬರೆದರು. ಮಗಳ ಆಟಪಾಠದಲ್ಲಿ ತಾಯಿಗೆ ತನ್ನ ಕಳೆದ ಬಾಲ್ಯವೇ ಮರಳಿ ದೊರೆತ ಸಂತೋಷವನ್ನು ಒಂದು ಪದ್ಯ ಹೇಳಿದರೆ, ಕದಂಬದ ಮರವೇರಿ ತಾಯಿಯನ್ನು ಕಾಡಬಯಸುವ ತುಂಟನ ಕನಸನ್ನು ಇನ್ನೊಂದು ಹೇಳುತ್ತದೆ. ಜಲಿಯನ್‌ವಾಲಾ ಬಾಗಿಗೆ ಬಂದ ವಸಂತಋತುವನ್ನು ಕುರಿತ ಪದ್ಯವನ್ನು ಓದಿದರೆ ಇಂದಿಗೂ ಮನಸ್ಸು ಕಲಕುತ್ತದೆ.

ಝಾನ್ಸಿಯ ರಾಣಿಯ ಕವಿತೆಯನ್ನಂತೂ ಅವರು ಬುಂದೇಲಖಂಡದ ಹಾಡುಗಾರರ ಬಾಯಿಂದ ಕೇಳಿದ ಕಥೆಯೆಂಬಂತೆ ಕಟ್ಟಿದ್ದಾರೆ. ಕಿತ್ತೂರು ಚೆನ್ನಮ್ಮನನ್ನೂ ಸಂಗೊಳ್ಳಿ ರಾಯಣ್ಣನನ್ನೂ ಲಾವಣಿಗಳಲ್ಲಿ ಕೇಳಿ ಬೆಳೆದ ನಮಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಇತಿಹಾಸದ ಪುಸ್ತಕಗಳು ಸೋತವರೆಂದು ಬರೆದವರನ್ನು ಜನರ ನಾಲಗೆ ಗೆಲ್ಲಿಸಿಬಿಡುತ್ತದೆ. ಸರಳವೆಂಬ ಕಾರಣದಿಂದ ಇಂತಹ ಕಾವ್ಯವನ್ನು ಎರಡನೆಯ ಸಾಲಿಗೆ ತಳ್ಳುವ ವಿಮರ್ಶಕರುಂಟು. ನಮಗೆ ಆ ಮಾತು ಒಪ್ಪಿಗೆಯಿಲ್ಲ. ಓದು ಬಾರದವರ ಎದೆಯಲ್ಲೂ ಉಳಿಯುವಂತೆ ಬರೆಯುವುದು ಸುಲಭದ ಕೆಲಸವಲ್ಲ.

ಬರೆದುದನ್ನು ಬದುಕಿ ತೋರಿಸಿದುದು ಅವರ ಇನ್ನೊಂದು ಹಿರಿಮೆ. ಹಿರಿಯ ಮಗಳು ಸುಧಾಳನ್ನು ಜಾತಿಯ ಎಲ್ಲೆ ಮೀರಿ ಪ್ರೇಮಚಂದರ ಮಗ ಅಮೃತರಾಯರಿಗೆ ಕೊಟ್ಟು ಮದುವೆ ಮಾಡಿದರು. ಆಗ ಕನ್ಯಾದಾನಕ್ಕೆ ಅವರು ಒಪ್ಪಲಿಲ್ಲ. ಮನುಷ್ಯಳನ್ನು ಮನುಷ್ಯರು ದಾನಮಾಡುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು. ಮಧ್ಯಪ್ರಾಂತದ ಶಾಸನಸಭೆಯ ಸದಸ್ಯೆಯಾದರೂ ಮನೆಯ ಬಡತನ ನೀಗಲಿಲ್ಲ, ಮುಖದ ನಗೆಯೂ ಮಾಸಲಿಲ್ಲ. 1942ರಲ್ಲಿ ಮತ್ತೆ ಸೆರೆಮನೆ ಸೇರಿದರು.

ಸ್ವಾತಂತ್ರ್ಯವನ್ನು ಕಣ್ತುಂಬ ನೋಡಿದರು. ಅನುಭವಿಸುವ ಭಾಗ್ಯ ಮಾತ್ರ ಬಹುಕಾಲವಿರಲಿಲ್ಲ. ಗಾಂಧೀಜಿ ಹುತಾತ್ಮರಾಗಿ ಹದಿನಾರು ದಿನಗಳೂ ಆಗಿರಲಿಲ್ಲ. 1948ರ ಫೆಬ್ರವರಿ 15ರಂದು, ನಾಗಪುರದಿಂದ ಜಬ್ಬಲ್‌ಪುರಕ್ಕೆ ಮರಳುತ್ತಿದ್ದಾಗ ಸಿವನಿಯ ಬಳಿ ಮೋಟಾರು ಅಪಘಾತದಲ್ಲಿ ಅವರು ತೀರಿಕೊಂಡರು. ನಾಗರಪಂಚಮಿಯಂದು ಹುಟ್ಟಿದ ಜೀವ ವಸಂತಪಂಚಮಿಯಂದು ಹೊರಟುಹೋಯಿತು. ವಯಸ್ಸು ನಲವತ್ತಮೂರು.

1949ರಲ್ಲಿ ಜಬ್ಬಲ್‌ಪುರದ ಜನ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಅದನ್ನು ಅನಾವರಣ ಮಾಡಿದವರು ಬಾಲ್ಯದ ಗೆಳತಿ ಮಹಾದೇವಿಯವರೇ. 1976ರಲ್ಲಿ ಅಂಚೆಚೀಟಿ ಹೊರಟಿತು. 2006ರಲ್ಲಿ ಕರಾವಳಿ ರಕ್ಷಣಾ ಪಡೆಯ ಹಡಗೊಂದು ಅವರ ಹೆಸರನ್ನು ಹೊತ್ತಿತು.

ಇನ್ನು ಮುಂದೆ ನಮ್ಮ ಮನೆಯ ಮಗು ಒಳಕೋಣೆಯಲ್ಲಿ ಆ ಪದ್ಯವನ್ನು ಉರುಹೊಡೆಯುವಾಗ, ಹಿರಿಯರಾದ ನಾವು ಒಂದು ಗಳಿಗೆ ಮಾತು ನಿಲ್ಲಿಸಿ ಕೇಳೋಣ. ಕೇಳಿದ ಮೇಲೆ ಮಗುವನ್ನು ಹತ್ತಿರ ಕರೆದು, ಚೆನ್ನಮ್ಮನ ಕಥೆಯನ್ನು ಕನ್ನಡದಲ್ಲಿ ಹೇಳೋಣ.